ಜಗತ್ತಿನ ಮಾರಾಟದಲ್ಲಿ ಹುಮನಾಬಾದಿನ ಪಾಲು

ನಮ್ಮ ಮನೆಯಲ್ಲಿ ರಸ್ತೆಗೆ ಮುಖ ಮಾಡಿದ ಖೋಲಿ ಒಂದೇ ಒಂದು. ಹುಮನಾಬಾದ ಬಸ್ ನಿಲ್ದಾಣದಿಂದ ಮಾಣಿಕನಗರಕ್ಕೆ ಹೋಗುವ ಆಟೋಗಳೆಲ್ಲ ಅದರ ಮುಂದೆಯೇ ಹಾದು ಹೋಗುತ್ತವೆ. ಬಾಗಿಲು ತೆರೆದರೆ ಬೆಳಕು ನೇರ ಸೂಜಿಯ ಮೇಲೆ ಬೀಳುವ ಆ ಖೋಲಿಯಲ್ಲಿ ಕೂತು ನಾನು ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ, ಪಿಕೋ ಮಾಡುತ್ತೇನೆ. ಕೊಡಂಬಲದ ಕಡೆಯಿಂದ ಬಜಾರಕ್ಕೆ ಬರುವ ಹೆಂಗಸರು ಮೊದಲು ನನ್ನಲ್ಲಿಗೆ ಬಂದು, ಚೀಲ ಇಳಿಸಿ, ನೀರು ಕುಡಿದು, ಅಳತೆ ಬ್ಲೌಸ್ ಕೈಗಿಟ್ಟು ಮುಂದೆ ಹೋಗುತ್ತಾರೆ. ನಮ್ಮ ಮನೆಯವರ ಬಾಯಲ್ಲಿ ಈ ದುಡಿಮೆಗೆ ಟೈಮ್‌ಪಾಸ್ ಎಂದು ಹೆಸರು. ಬಂದವರೆದುರು ಹಾಗೆಯೇ ಹೇಳಿಕೊಂಡು ಬಂದಿದ್ದರು, ನಾನೂ ನಕ್ಕು ಮಷೀನು ತುಳಿಯುತ್ತಿದ್ದೆ.

ಅವರದು ಪ್ಲಾಟು ತೋರಿಸುವ ದಲಾಲಿ. ವರ್ಷಕ್ಕೆ ಒಂದೆರಡು ವ್ಯವಹಾರ ಕುದುರುತ್ತವೆ, ಉಳಿದ ದಿನಗಳಲ್ಲಿ ವಿಚಾರ ಮಾಡಲು ಬೇಕಾದಷ್ಟು ಪುರಸೊತ್ತು. ಆ ವಿಚಾರಗಳಿಗೆ ಗೊಬ್ಬರ ಹಾಕುವವರು ನನ್ನ ದೊಡ್ಡ ನಾದಿನಿಯ ಗಂಡ. ಬಸವಕಲ್ಯಾಣದಲ್ಲಿ ಬಸ್ಸು ನಿಲ್ಲುವಲ್ಲೇ ಅವರದೊಂದು ಮೊಬೈಲ್ ಅಂಗಡಿ ಇದೆ. ಫೋನಿಗೆ ಗಾಜು ಹಚ್ಚುತ್ತಾರೆ, ಕವರ್ ಮಾರುತ್ತಾರೆ, ಮಿಕ್ಕ ಹೊತ್ತು ಭವಿಷ್ಯ ಹೇಳುತ್ತಾರೆ. ಯಾವ ಫೋನು ಓಡುತ್ತದೆ, ಯಾವುದು ಮಲಗುತ್ತದೆ, ಎಲ್ಲ ಅವರಿಗೆ ಮೊದಲೇ ಗೊತ್ತು. ಮಲಗಿದ ಫೋನುಗಳೆಲ್ಲ ಅವರ ಅಂಗಡಿಯಲ್ಲೇ ಯಾಕೆ ಉಳಿದಿದ್ದವು ಎಂದು ಕೇಳುವಷ್ಟು ಕೆಟ್ಟವಳು ನಾನಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಅವರು ನಮ್ಮನ್ನು ಊಟಕ್ಕೆ ಕರೆದರು. ನಾವು ಹೋದಾಗ ಅಂಗಡಿಯ ಗಾಜಿನೊಳಗೆ ರಸ್ತೆಯ ಕಡೆ ಮುಖ ಮಾಡಿ ಒಂದು ಟೀವಿ ಇಟ್ಟಿದ್ದರು. ಅದಕ್ಕೆ ಒಂದು ಕಪ್ಪು ಡಬ್ಬಿ ಹಚ್ಚಿದ್ದರು. ಟೀವಿಯಲ್ಲಿ ವಿಡಿಯೋ ಗೇಮ್ ಆಡುವ ಡಬ್ಬಿ ಅದು, ಕನ್ಸೋಲ್ ಅನ್ನುತ್ತಾರಂತೆ. ಟೀವಿಯಲ್ಲಿ ಒಬ್ಬ ಹೆಂಗಸು ದೋಣಿಯಲ್ಲಿ ಕೂತು, ನೀರಲ್ಲಿ ಮುಳುಗಿದ ತನ್ನ ಊರನ್ನು ಹುಡುಕುತ್ತಿದ್ದಳು. ಅದು ಆಟದ ಮೊದಲನೆಯ ಭಾಗ, ಎರಡನೆಯ ಭಾಗ ಬರುವುದರಲ್ಲಿತ್ತು. ಅಂಗಡಿಯ ಮುಂದೆ ದೊಡ್ಡ ಗುಂಪು ನಿಂತು, ಬಾಯಿ ತೆರೆದು ಆ ದೋಣಿಯನ್ನೇ ನೋಡುತ್ತಿತ್ತು. ನಮ್ಮ ಅಣ್ಣಾವ್ರು (ನಾದಿನಿಯ ಗಂಡನನ್ನು ನಾನು ಹಾಗೆಯೇ ಕರೆಯುತ್ತೇನೆ) ಆ ಗುಂಪನ್ನು ನಮ್ಮವರಿಗೆ ತೋರಿಸಿದರು. ತೋರಿಸಿದ ರೀತಿ ನೋಡಿದರೆ ಅಷ್ಟೂ ಜನರನ್ನು ಅವರೇ ಬಿತ್ತಿ ಬೆಳೆದಿದ್ದರು ಅನ್ನಬೇಕು.

ಅಷ್ಟರಲ್ಲಿ ಹುಮನಾಬಾದಿನ ಬಸ್ಸು ಬಂತು. ಕಂಡಕ್ಟರ್ ಸೀಟಿ ಊದಿದ, ಗುಂಪು ಕರಗಿತು. ಗಾಜಿನ ಮುಂದೆ ಉಳಿದವನು ಒಬ್ಬ ಮುದುಕ ಮಾತ್ರ. ಅವನು ಕೊಹಿನೂರಿನ ಬಸ್ಸಿಗೆ ಕಾಯುತ್ತಿದ್ದ.

ಊಟವಾದ ಮೇಲೆ ನಾನು ಇದನ್ನು ಮೆಲ್ಲಗೆ ಹೇಳಿ ನೋಡಿದೆ. ಅವರು ಆಟಕ್ಕೆ ನಿಂತವರಲ್ಲ, ಬಸ್ಸಿಗೆ ನಿಂತವರು ಅಂದೆ. ಅಣ್ಣಾವ್ರು ನನ್ನ ಮೇಲೆ ಕರುಣೆಯಿಂದ ನಕ್ಕರು.

"ತಂಗಿ, ಬಸ್ಸಿಗೆ ನಿಂತವ್ರು ಬಸ್ ಬರೋ ಕಡಿ ಮಾರಿ ಮಾಡಿರ್ತಾರ. ಇವ್ರ ಮಾರಿ ಟೀವಿ ಕಡಿ ಇತ್ತು. ಇದಕ್ಕ ಮಾರ್ಕೆಟ್ ಓದೋದು ಅಂತಾರ."

ನಮ್ಮ ಮನೆಯವರು ನನ್ನ ಕಡೆ ನೋಡಿ, ಕೇಳಿದಿಯಾ ಎಂಬಂತೆ ಗೋಣು ಹಾಕಿದರು.

ಆಮೇಲೆ ಭವಿಷ್ಯ ಶುರುವಾಯಿತು. ಎರಡನೆಯ ಭಾಗ ಜಗತ್ತಿನಲ್ಲಿ ಎಷ್ಟು ಮಾರುತ್ತದೆ, ಕಂಪನಿಗೆ ಎಷ್ಟು ಫಾಯ್ದಾ ಎಂದು ಫೋನಿನಲ್ಲಿ ದಿನಾ ಬಂದು ಹೇಳುವ ಪಂಡಿತನೊಬ್ಬ ಇದ್ದ, ಅಣ್ಣಾವ್ರು ಅವನ ಪರಮ ಭಕ್ತರು. ಅವನು ಹೇಳಿದ ಸಂಖ್ಯೆಯನ್ನು ಫೋನಿನ ಕ್ಯಾಲ್ಕುಲೇಟರಿಗೆ ಹಾಕಿ ಮೊದಲು ದೇಶಕ್ಕೆ ಭಾಗಿಸಿದರು. ಬಂದದ್ದನ್ನು ರಾಜ್ಯಕ್ಕೆ, ರಾಜ್ಯದ್ದನ್ನು ಜಿಲ್ಲೆಗೆ, ಜಿಲ್ಲೆಯದನ್ನು ತಾಲೂಕಿಗೆ. ಜಗತ್ತೆಲ್ಲ ಸುತ್ತಿ ಕೊನೆಗೆ ಹುಮನಾಬಾದಿನ ಪಾಲು ಎಂದು ಒಂದು ಸಂಖ್ಯೆ ಹೊರಬಂತು. ಅದರಲ್ಲಿ ದಶಾಂಶದ ಚುಕ್ಕಿಯೂ ಇತ್ತು. ಅಂದರೆ ನಮ್ಮ ಊರಲ್ಲಿ ಆಟ ಆಡುವವರ ಪೈಕಿ ಕೊನೆಯವನು ಅರ್ಧಮರ್ಧ ಮನುಷ್ಯ. ಚುಕ್ಕಿ ಕಂಡದ್ದೇ ನಮ್ಮವರಿಗೆ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಬಂತು.

ಎಲ್ಲಕ್ಕಿಂತ ದೊಡ್ಡ ಮಾತು ಎಂದರೆ, ಈ ಆಟ ಆ ಡಬ್ಬಿಯಲ್ಲಿ ಮಾತ್ರ ನಡೆಯುತ್ತದೆ, ಮೊಬೈಲಿನಲ್ಲಿ ಇಲ್ಲ, ಕಂಪ್ಯೂಟರಿನಲ್ಲೂ ಇಲ್ಲ. ಹುಮನಾಬಾದಿನಲ್ಲಿ ಆ ಡಬ್ಬಿ ಯಾರ ಬಳಿಯೂ ಇಲ್ಲ. ಅದನ್ನು ನಮ್ಮ ಮನೆಯಲ್ಲಿಟ್ಟು, ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಂಡು ಊರ ಹುಡುಗರಿಗೆ ಆಡಿಸಬೇಕು ಎಂಬುದು ಅವರ ಯೋಜನೆ. ಪಹಣಿ ಬೇಕಾದರೆ ನಾಡಕಚೇರಿಗೆ ಹೋಗಲೇಬೇಕಲ್ಲ, ಹಾಗೆಯೇ ಈ ಆಟ ಬೇಕಾದರೆ ಊರೆಲ್ಲ ನಮ್ಮ ಬಾಗಿಲಿಗೇ ಬರಬೇಕು ಎಂದು ಅಣ್ಣಾವ್ರು ವಿವರಿಸಿದರು. ಪಹಣಿ ಬೇಕಾಗುತ್ತದೆ, ಈ ಆಟ ಯಾರಿಗೆ ಬೇಕು ಎಂದೆ. ಜಗತ್ತಿಗೆ ಬೇಕಾಗಿದೆ ಎಂದರು. ಜಗತ್ತಿನವರು ಕೊಂಡು ತಮ್ಮ ಮನೆಯಲ್ಲೇ ಆಡುತ್ತಾರೆ, ನಮಗೇನು ಬಂತು ಎಂದೆ. ನಮ್ಮೂರವರಿಗೆ ಕೊಳ್ಳಲು ಆಗುವುದಿಲ್ಲ, ಅದಕ್ಕೇ ನಮ್ಮಲ್ಲಿಗೆ ಬರುತ್ತಾರೆ ಎಂದರು. ಹಾಗಾದರೆ ಕೊಳ್ಳುವವರ ಲೆಕ್ಕದಲ್ಲಿ ಹುಮನಾಬಾದಿನ ಪಾಲು ಎಂದು ಬಂತಲ್ಲ, ಅವರು ಯಾರು ಎಂದು ಕೇಳುವಷ್ಟರಲ್ಲಿ ನಾದಿನಿ ಒಳಗಿನಿಂದ ನನ್ನನ್ನು ಪಾತ್ರೆ ತೊಳೆಯಲು ಕರೆದಳು. ಅವಳಿಗೆ ತನ್ನ ಗಂಡನ ಮರ್ಯಾದೆ ಕಾಯುವ ಹೊತ್ತು ಸರಿಯಾಗಿ ಗೊತ್ತು.

ಪಾತ್ರೆ ತೊಳೆಯುತ್ತ ನಾನು ಉಳಿದದ್ದನ್ನು ಕೇಳಿಸಿಕೊಂಡೆ. ಡಬ್ಬಿಯನ್ನು ಅಣ್ಣಾವ್ರು ಕೊಡುವುದು. ಟೀವಿ, ಕುರ್ಚಿ, ನೆಲಕ್ಕೆ ಟೈಲ್ಸ್ ನಮ್ಮವು. ಜಾಗದ ಖರ್ಚು ಎಷ್ಟು ಹಿಡಿಯೋಣ ಎಂದು ಅವರು ಕೇಳಿದರು. ಆಗ ನಮ್ಮ ಮನೆಯವರು ಹೇಳಿದ ಮಾತು ಇಷ್ಟು:

"ಜಾಗಕ್ಕ ಏನೂ ಹಿಡೀಬ್ಯಾಡ್ರಿ ಭಾವ. ಮುಂದಿನ ಖೋಲಿ ಖಾಲೀನೇ ಬಿದ್ದದ."

ನನಗೆ ಸಿಟ್ಟು ನೆತ್ತಿಗೇರಿತು. ಬೆಳಗಿನಿಂದ ಸಂಜೆಯವರೆಗೆ ನಾನು ಕೂರುವ ಖೋಲಿ ಅದು. ಅಲ್ಲಿ ನನ್ನ ಮಷೀನು ಇದೆ, ಹೊಲಿದ ಬಟ್ಟೆ ನೇತು ಹಾಕುವ ಹಗ್ಗ ಇದೆ, ನಾನು ಇದ್ದೇನೆ. ಅಷ್ಟೆಲ್ಲ ಇದ್ದೂ ಅವರ ಕಣ್ಣಿಗೆ ಅದು ಖಾಲಿ. ಬಸ್ಸಿನಲ್ಲಿ ವಾಪಸು ಬರುವಾಗ ಜಗಳ ತೆಗೆದೆ. ಹೊಲಿಗೆಗೇನು, ಎಲ್ಲಿ ಕೂತರೂ ಹೊಲಿಯಬಹುದು, ಅಡಿಗೆಮನೆಯ ಹಿಂದೆ ಜಾಗ ಇದೆಯಲ್ಲ ಎಂದು ಹೇಳಿ ಅವರು ಕಿಟಕಿಯ ಹೊರಗೆ ನೋಡತೊಡಗಿದರು. ಕಿಟಕಿಯ ಹೊರಗೆ ಅವರಿಗೆ ಬರಲಿರುವ ಗಿರಾಕಿಗಳು ಕಾಣುತ್ತಿದ್ದಿರಬೇಕು.

ವಾರದೊಳಗೆ ಮಷೀನು ಹಿಂದಿನ ಖೋಲಿಗೆ ಹೋಯಿತು. ಅಲ್ಲಿ ಜೋಳದ ಚೀಲಗಳಿದ್ದವು. ಇದ್ದ ಒಂದು ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು, ಹಗಲಲ್ಲೂ ದೀಪ ಹಚ್ಚಿಕೊಂಡು ಕೂರಬೇಕಾಯಿತು. ಮುಂದಿನ ಖೋಲಿಗೆ ಟೈಲ್ಸ್ ಬಿತ್ತು, ಗೋಡೆಗೆ ಕಪ್ಪು ಬಣ್ಣ ಬಂತು. ಆಟಕ್ಕೆ ಕತ್ತಲು ಬೇಕು ಎಂದು ಅಣ್ಣಾವ್ರು ಫೋನಿನಲ್ಲಿ ಅಪ್ಪಣೆ ಮಾಡಿದ್ದರಿಂದ ಬಾಗಿಲಿಗೂ ಕಿಟಕಿಗೂ ಕಪ್ಪು ಪರದೆ. ಆ ಪರದೆ ಹೊಲಿದು ಕೊಟ್ಟವಳು ನಾನೇ. ಹೊಲಿಗೆಯ ಕೂಲಿ ಅವರ ಅಂದಾಜಿನಲ್ಲಿ ಇರಲಿಲ್ಲ.

ಉದ್ಘಾಟನೆಯ ದಿನ ತೆಂಗಿನಕಾಯಿ ಒಡೆದರು, ಪೇಡೆ ಹಂಚಿದರು. ಕಾಲೇಜಿನ ಹುಡುಗರು ನಿಜವಾಗಿಯೂ ಬಂದರು. ಬಂದವರೇ ಕ್ರಿಕೆಟ್ ಇದೆಯಾ ಎಂದು ಕೇಳಿದರು. ಇಲ್ಲ. ಫುಟ್‌ಬಾಲ್? ಅದೂ ಇಲ್ಲ. ಇಬ್ಬರು ಕೂಡಿ ಹೊಡೆದಾಡುವಂಥದ್ದು? ನಮ್ಮ ಮನೆಯವರು ಎರಡನೆಯ ಭಾಗದ ಮಹಿಮೆ ಹೇಳಿ ಒಬ್ಬನನ್ನು ಕೂರಿಸಿದರು. ಒಬ್ಬ ಆಡಿದ, ಉಳಿದವರು ಗೋಡೆಗೆ ಆತು ನಿಂತು ನೋಡಿದರು. ಊರು ಸಿಕ್ಕಿತ್ತು, ಈಗ ಅದನ್ನು ಮುಳುಗಿಸಿದವರು ಯಾರು ಎಂದು ಆ ಹೆಂಗಸು ಹುಡುಕುತ್ತಿದ್ದಳು. ಬಹಳ ಹೊತ್ತು ದೋಣಿಗೆ ಹುಟ್ಟು ಹಾಕಿದಳು, ಆಮೇಲೆ ಒಬ್ಬ ಮುದುಕಿಯ ಜೊತೆ ಬಹಳ ಹೊತ್ತು ಮಾತಾಡಿದಳು. ಹೊಡೆದಾಟ ಯಾವಾಗ ಎಂದು ಗೋಡೆಯ ಕಡೆಯವರು ಕೇಳಿದರು. ಮರುದಿನ ಅವರಲ್ಲಿ ಯಾರೂ ಬರಲಿಲ್ಲ. ನಮ್ಮವರು ಚಹಾದ ಅಂಗಡಿಯಲ್ಲಿ ಒಬ್ಬನನ್ನು ಹಿಡಿದು ಕೇಳಿದಾಗ, ಯಾರೋ ಪೂರ್ತಿ ಆಟ ಆಡಿ ಫೋನಿಗೆ ಹಾಕಿದ್ದಾರೆ, ಊರು ಮುಳುಗಿಸಿದವನು ಅವಳ ಚಿಕ್ಕಪ್ಪನೇ ಅಂತೆ, ಗೊತ್ತಾದ ಮೇಲೆ ಆಡುವುದು ಯಾಕೆ ಎಂದನಂತೆ. ಡಬ್ಬಿಯಲ್ಲಿ ಮಾತ್ರ ಸಿಗುವ ಆಟದ ಕಥೆ ಎಲ್ಲರ ಜೇಬಿನಲ್ಲೂ ಪುಕ್ಕಟೆ ಸಿಗುತ್ತಿತ್ತು. ಇದನ್ನು ಪಂಡಿತ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಖಾಯಂ ಗಿರಾಕಿ ಎಂದರೆ ನಮ್ಮ ಮನೆಯವರು ಒಬ್ಬರೇ. ಬೆಳಿಗ್ಗೆ ನಾಷ್ಟಾ ಮಾಡಿ ಕತ್ತಲೆಯೊಳಗೆ ಹೋಗಿ ಕೂತರೆ ಊಟಕ್ಕೆ ಕರೆದಾಗ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬರುತ್ತಿದ್ದರು. ಗಿರಾಕಿಗೆ ತೋರಿಸಬೇಕಾದರೆ ಮೊದಲು ತಮಗೆ ಆಡಲು ಬರಬೇಕಲ್ಲ ಎಂಬುದು ಅವರ ಸಬೂಬು. ಆ ದೋಣಿಯ ಹೆಂಗಸಿನ ಮೇಲೆ ಅವರಿಗೆ ಬಹಳ ಮರುಕ ಹುಟ್ಟಿತ್ತು. ಒಂದು ಮಧ್ಯಾಹ್ನ ನಾನು ಜೋಳದ ಚೀಲಕ್ಕೆ ಒರಗಿ ಹುಕ್ಕು ಹಚ್ಚುತ್ತಿದ್ದಾಗ ಬಂದು, ಪಾಪ, ಆಕೆಯ ಮನೆಯವರೇ ಆಕೆಯ ಜಾಗ ಕಳೆದರು ನೋಡು ಎಂದು ನಿಟ್ಟುಸಿರು ಬಿಟ್ಟರು. ನಾನು ಹಲ್ಲಲ್ಲಿ ದಾರ ಕಡಿದೆ.

ಇತ್ತ ನನ್ನ ಗಿರಾಕಿಗಳು ಬಾಗಿಲವರೆಗೆ ಬಂದು, ಪರದೆ ಸರಿಸಿ, ಒಳಗಿನ ಕತ್ತಲೆ ನೋಡಿ ಹಿಂದೆ ಸರಿಯುತ್ತಿದ್ದರು. ಕೊಡಂಬಲದ ಒಬ್ಬ ಹಿರಿಯಳು ಮಾತ್ರ ಧೈರ್ಯ ಮಾಡಿ, ವೈರು ಎಡವಿ, ಗೋಡೆ ಹಿಡಿದುಕೊಂಡು ಹಿಂದಿನ ಖೋಲಿಗೆ ಬಂದಳು. ಮನೆಯಲ್ಲಿ ಏನಾದರೂ ಕೆಟ್ಟದ್ದು ಆಗಿದೆಯೇನವ್ವ ಎಂದು ನನ್ನ ಕೈ ಹಿಡಿದು ಕೇಳಿದಳು. ನಾನು ಇಲ್ಲ ಅಂದೆ. ಆಕೆ ಹೋದ ಮೇಲೆ ಬಹಳ ಹೊತ್ತು ಅತ್ತೆ. ಆ ವರ್ಷದ ಮದುವೆಯ ಬ್ಲೌಸುಗಳೆಲ್ಲ ಬೇರೆಯವರ ಪಾಲಾದವು.

ಹೀಗಿರುವಾಗ ಒಂದು ದಿನ ಬಸವಕಲ್ಯಾಣದಿಂದ ಫೋನು ಬಂತು. ಅಣ್ಣಾವ್ರ ದನಿಯಲ್ಲಿ ಹಬ್ಬ. ಎರಡನೆಯ ಭಾಗ ಜಗತ್ತಿನಲ್ಲಿ ಪಂಡಿತ ಹೇಳಿದ್ದಕ್ಕಿಂತ ಹೆಚ್ಚು ಮಾರಿದೆ, ಕಂಪನಿ ಬಂಪರ್ ಫಾಯ್ದಾ ಮಾಡಿದೆ, ತಮ್ಮ ಭವಿಷ್ಯ ಅಕ್ಷರಕ್ಕೆ ಅಕ್ಷರ ನಿಜವಾಯಿತು ಎಂದರು. ನಮ್ಮ ಮನೆಯವರು ಖಾಲಿ ಕುರ್ಚಿಗಳ ನಡುವೆ ನಿಂತು ಖುಷಿಯಿಂದ ಹೌದ್ರಿ, ಹೌದ್ರಿ ಎನ್ನುತ್ತಿದ್ದರು. ಕಂಪನಿಯವರು ಎದುರಿಗಿದ್ದರೆ ಶಾಲು ಹೊದಿಸಿ ಹಾರ ಹಾಕುತ್ತಿದ್ದರು. ಹುಮನಾಬಾದಿನ ಪಾಲು ಎಲ್ಲಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಕೊನೆಗೆ ಕರೆಂಟು ಬಿಲ್ಲು ಬುದ್ಧಿ ಹೇಳಿತು. ಕುರ್ಚಿಗಳು ಒಂದು ಶಾಮಿಯಾನದವರಿಗೆ ಹೋದವು, ಡಬ್ಬಿ ಬಸವಕಲ್ಯಾಣಕ್ಕೆ ಹೋಗಿ ಮತ್ತೆ ಬಸ್ಸಿಗೆ ಕಾಯುವವರ ಸೇವೆಗೆ ನಿಂತಿತು. ನುಕ್ಸಾನ ಅಂಥದ್ದೇನೂ ಆಗಿಲ್ಲ, ಜಾಗದ ಖರ್ಚೇ ಇರಲಿಲ್ಲವಲ್ಲ ಎಂದು ಅಣ್ಣಾವ್ರು ತೀರ್ಪು ಕೊಟ್ಟರು. ನಾನು ಕಾದೆ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ, ನಿನ್ನ ಮಷೀನು ಮುಂದೆ ತಂದು ಇಡು ಎಂದು. ಹೇಳಲಿಲ್ಲ. ಟೈಲ್ಸ್ ಹಾಕಿದ ಖೋಲಿ ನೋಡಿ ಒಬ್ಬ ಕೊರಿಯರ್ ನಡೆಸುವವನು ಬಾಡಿಗೆಗೆ ಕೇಳಿದ್ದ. ನಮ್ಮವರು ಅವನು ಹೇಳಿದ ಬಾಡಿಗೆಯನ್ನು ನನಗೆ ಸಂಭ್ರಮದಿಂದ ಹೇಳಿದರು.

ನಾಚಿಕೆ ಆಗಲಿ ಎಂದೇ ನಾನು ಆ ಮಾತು ಆಡಿದೆ.

"ಅಷ್ಟೇ ಬಾಡಿಗಿ ನಾ ಕೊಡ್ತೀನ್ರಿ. ಆ ಖೋಲಿ ನನಗ ಕೊಡ್ರಿ."

ಹುಚ್ಚಿ, ನಿನ್ನಿಂದ ಬಾಡಿಗೆ ತಗೋತೀನೇನು ಎಂದು ನಕ್ಕು ಕೈ ಕೊಡವುತ್ತಾರೆ ಎಂದುಕೊಂಡಿದ್ದೆ. ಅವರು ಗದ್ದ ಕೆರೆದುಕೊಂಡು ವಿಚಾರ ಮಾಡಿದರು.

"ಮತ್ತ ಅಡ್ವಾನ್ಸ್?" ಎಂದರು.

ಅಷ್ಟು ವರ್ಷದ ಸಂಸಾರದಲ್ಲಿ ಅವರ ಯಾವ ಮಾತೂ ನನಗೆ ಅಷ್ಟು ನೋವು ಕೊಟ್ಟಿಲ್ಲ. ಅಡ್ವಾನ್ಸ್ ಕೊಟ್ಟೆ. ತವರಿನವರು ದೀಪಾವಳಿಗೆ ಕೊಟ್ಟದ್ದನ್ನು ಕೂಡಿಸಿ ಇಟ್ಟಿದ್ದೆ, ಅದರಿಂದ ತೆಗೆದು ಕೊಟ್ಟೆ. ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಮರುದಿನವೇ ಪರದೆ ಕಿತ್ತು, ಗೋಡೆಗೆ ಸುಣ್ಣ ಬಳಿಸಿ, ಮಷೀನು ಬೆಳಕಿಗೆ ತಂದೆ. ಹೆಂಗಸರು ಒಬ್ಬೊಬ್ಬರಾಗಿ ಮರಳಿ ಬಂದರು. ತಿಂಗಳ ಮೊದಲ ದಿನ ಬಾಡಿಗೆಯನ್ನು ಅವರ ಕೈಗೆ ಕೊಟ್ಟೆ, ದುಡ್ಡು ಕೊಡುವ ಯಾರಿಗಾದರೂ ಹೇಳುವಂತೆ ಅವರು ಸರಿ ಎಂದರು.

ಅವತ್ತೇ ಮಧ್ಯಾಹ್ನ ಗ್ಯಾಸಿನವನು ಬಂದು ಸಿಲಿಂಡರ್ ಇಳಿಸಿದ. ನಮ್ಮ ಮನೆಗೆ ಗ್ಯಾಸು, ಹಾಲು, ಕಿರಾಣಿ ಎಲ್ಲದಕ್ಕೂ ಹೊಲಿಗೆಯ ದುಡ್ಡಿನಿಂದ ಕೊಡುತ್ತಿದ್ದವಳು ನಾನೇ. ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ನಮ್ಮವರು ಯಾವತ್ತೂ ಕೇಳಿರಲಿಲ್ಲ. ಗ್ಯಾಸಿನವನು ರೂಢಿಯಂತೆ ನನ್ನ ಮುಂದೆ ಬಂದು ನಿಂತ. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಮನೆಯವರೂ ರೂಢಿಯಂತೆ ನನ್ನ ಕಡೆ ನೋಡಿದರು. ನಾನು ಮಷೀನು ನಿಲ್ಲಿಸಲಿಲ್ಲ.

"ನಾ ಇಲ್ಲಿ ಬಾಡಿಗಿಗೆ ಇದ್ದಾಕಿ ಅಣ್ಣಾ," ಎಂದೆ ಅವನಿಗೆ. "ಮನೀದು ಮಾಲಕರ್ನ ಕೇಳು."

ಅವನು ತಿರುಗಿ ಮಾಲಕರ ಮುಂದೆ ಹೋಗಿ ನಿಂತ. ಅವರು ಅಂಗಿಯ ಜೇಬಿಗೆ ಕೈ ಹಾಕಿದರು. ಬೆಳಿಗ್ಗೆ ನಾನು ಕೊಟ್ಟ ಬಾಡಿಗೆಯಲ್ಲಿ ಸಿಲಿಂಡರಿನದು ಕೊಟ್ಟು, ಉಳಿದದ್ದನ್ನು ಕೈಯಲ್ಲೇ ಹಿಡಿದು, ಹಾಲಿನವನು ದುಡ್ಡಿಗೆ ಯಾವಾಗ ಬರುತ್ತಾನೆ ಎಂದು ಮೆಲ್ಲಗೆ ನನ್ನನ್ನೇ ಕೇಳಿದರು.