ತುತ್ತಿನಕ್ಕ
ಗ್ಯಾರೇಜಿನವನಿಗೆ ತುತ್ತಿನಕ್ಕನ ಮೇಲೆ ಇವತ್ತಿಗೂ ಸಿಟ್ಟಿದೆ: ಮಗಳಿಗೆ ಉಣಿಸುವ ಕೋಣೆಯಿಂದ ಹೆತ್ತಪ್ಪನನ್ನೇ ಆಚೆ ಕಳಿಸಿದವಳು ಆಕೆ. "ಹೊರಗಿರಿ ಅಣ್ಣ, ನಿಮ್ಮ ಮುಖ ನೋಡಿದ್ರೆ ನನಗೇ ಗಂಟಲಲ್ಲಿ ಇಳಿಯಲ್ಲ, ಇನ್ನು ಕೂಸಿಗೆ ಇಳಿಯುತ್ತಾ?" ನುಂಗಲು ಬಾರದ ಮಕ್ಕಳ ಆ ಆಸ್ಪತ್ರೆಯಲ್ಲಿ ಆಕೆಯದು ತುತ್ತು ಇಳಿಸುವ ಕೆಲಸ. ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು, ಗದ್ದ ಎದೆಗೆ ತಂದು, ಗುಟುಕ್ಕೆಂದು ಬರೀ ಗಾಳಿ ನುಂಗಿ ತೋರಿಸುವಳು. ಹಾಗೆ ನುಂಗಿದ ಗಾಳಿಯಲ್ಲಿ ಒಂದು ಲಾರಿಯ ಟೈರುಗಳನ್ನೆಲ್ಲ ತುಂಬಿಸಬಹುದಿತ್ತು. "ಇದೇ ಕೊನೇ ತುತ್ತು" ಎಂಬ ತಾಯಂದಿರ ಸುಳ್ಳನ್ನು ಮಾತ್ರ ಸಹಿಸಳು. "ಒಂದ್ಸಲ ಮೋಸಹೋದ ಬಾಯಿ ಮತ್ತೆ ತೆರೆಯಲ್ಲ ಕಣಮ್ಮಾ!" ಎಂದು ರೇಗುವಳು. ಚಮಚದ ತುದಿಯಷ್ಟು ಗಂಜಿ ಇಳಿದರೆ ಊರೇ ಗೆದ್ದವಳಂತೆ "ಭಲೆ ನನ್ ರಾಣಿ!" ಎಂದು ಕೂಗುವಳು, ಆ ಸದ್ದಿಗೆ ಪಕ್ಕದ ಮಗು ಬೆಚ್ಚಿ ಉಗುಳಿಬಿಡುತ್ತಿತ್ತು. ಗ್ಯಾರೇಜಿನವನ ಮಗಳಿಗೆ ಮಾತ್ರ ಇಳಿದದ್ದೆಲ್ಲ ಉಸಿರಿನ ದಾರಿಗೇ ಹೋಗತೊಡಗಿತು. ಡಾಕ್ಟರು ಬಾಯೂಟ ನಿಲ್ಲಿಸಿ ಹೊಟ್ಟೆಗೆ ನಳಿಕೆ ಹಾಕಿದರು. ಅಲ್ಲಿಗೆ ಆಕೆಯ ಕೆಲಸ ಮುಗಿದಿತ್ತು. ಆದರೂ ಊಟದ ಹೊತ್ತಿಗೆ ಬರುವಳು. ಡಾಕ್ಟರನ್ನು ಕೇಳಿಕೊಂಡೇ ಹತ್ತಿಯ ಕಡ್ಡಿಯಲ್ಲಿ ಒಂದು ದಿನ ಸಕ್ಕರೆ ನೀರು, ಒಂದು ದಿನ ನಿಂಬೆಹುಳಿ, ಒಂದು ದಿನ ಉಪ್ಪು ನಾಲಿಗೆಗೆ ಸವರುವಳು. "ಹೊಟ್ಟೆಗೆ ನಳಿಕೆ ಇದೆ, ನಾಲಿಗೆಗೆ ಯಾರಿದಾರೆ ಹೇಳು ಚಿನ್ನಾ?" ಮಗಳು ಹುಳಿಗೆ ಮುಖ ಹಿಂಡಿ ನಗುತ್ತಿದ್ದಳು. ಆ ಚಳಿಗಾಲವನ್ನು ಮಗು ದಾಟಲಿಲ್ಲ. ಈ ಲೋಕದಲ್ಲಿ ಅವಳು ಕಂಡ ರುಚಿಯೆಲ್ಲ ಆಕೆ ಮುಟ್ಟಿಸಿದ್ದೇ. ಸಿಟ್ಟಿನ ಅಪ್ಪ ಆಕೆಯೊಡನೆ ಇವತ್ತಿನವರೆಗೂ ಮಾತಾಡಿಲ್ಲ. ಮಗಳು ತಿಂದ ಉಪ್ಪಿನ ಋಣ ಹಾಗೇ ಉಳಿಯಿತು.