ಸಂಡಾಸಕ್ಕೆ ಹಚ್ಚಿದ ವಿಭೂತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜೇವರ್ಗಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಇತಿಹಾಸ ಕಲಿಸುತ್ತಿರುವವನು ನಾನು. ವರ್ಷವರ್ಷವೂ ಮೊಹೆಂಜೊದಾರೊ ಪಾಠ ಬಂದಾಗ ನನ್ನ ಎದೆ ಉಬ್ಬುತ್ತದೆ. ಹಲಗೆಯ ಮೇಲೆ ಮನೆ ಬರೆದು, ಮನೆಯೊಳಗೆ ಬಚ್ಚಲು ಬರೆದು, ಬಚ್ಚಲಿನಿಂದ ಇಟ್ಟಿಗೆ ಮುಚ್ಚಿದ ಮೋರಿಯನ್ನು ಬೀದಿಯವರೆಗೆ ಎಳೆದು, ಸೀಮೆಸುಣ್ಣದ ಕೈ ಝಾಡಿಸಿ, "ನಾಲ್ಕು ಸಾವಿರ ವರ್ಷದ ಹಿಂದಿಂದು ನೋಡ್ರಿ ಇದು" ಎನ್ನುತ್ತೇನೆ, ಅದನ್ನೆಲ್ಲ ನಾನೇ ನಿಂತು ಕಟ್ಟಿಸಿದವನ ಹಾಗೆ. ಸಂಜೆ ಬಸ್ಸು ಹಿಡಿದು ನಮ್ಮೂರು ಕೊಳಕೂರಿಗೆ ಬರುತ್ತಿದ್ದೆ. ಮರುದಿನ ನಸುಕಿನಲ್ಲಿ ನೀರಿನ ಚರಗಿ ಹಿಡಿದು ಜಾಲಿಕಂಟಿಯ ಮರೆ ಹುಡುಕುತ್ತ ಬಯಲಿಗೆ ಹೋಗುತ್ತಿದ್ದೆ.

ಮನೆಯಲ್ಲಿ ಸಂಡಾಸ ಇರಲಿಲ್ಲವೆಂದಲ್ಲ. ಇತ್ತು, ಹಿತ್ತಲಲ್ಲಿ, ಸರಕಾರದ ಸಹಾಯದಿಂದ ಕಟ್ಟಿಸಿದ್ದು. ನೋಡಲು ಬಂದ ಸಾಹೇಬರಿಗೆ ಹೊರಗಿನಿಂದಲೇ ಫೋಟೋ ತೆಗೆಯಲು ಬಿಟ್ಟು, ಚಹಾ ಕುಡಿಸಿ ಕಳಿಸಿದ್ದೆವು. ಒಳಗೆ ಒಲೆಗೆ ಉರಿಸುವ ಕುಳ್ಳು ಇದ್ದವು, ಬಿತ್ತನೆಯ ತೊಗರಿ ಚೀಲ ಇತ್ತು. ಇಡೀ ಮನೆಯಲ್ಲಿ ಮಳೆ ಸೋರದ, ಇಲಿ ಹೊಗದ ಜಾಗ ಅದೊಂದೇ. ಅಂಥ ಜಾಗವನ್ನು ಅಂಥ ಕೆಲಸಕ್ಕೆ ಹಾಳುಮಾಡಲು ಯಾರಿಗೆ ಮನಸ್ಸು ಬರುತ್ತದೆ?

ಹೋದ ತೊಗರಿ ಸುಗ್ಗಿಯಲ್ಲಿ ನಮ್ಮವ್ವ ನಸುಕಿನಲ್ಲಿ ಬದುವಿನ ಮೇಲೆ ಕಾಲು ಜಾರಿ ಬಿದ್ದಳು. ಮೊಣಕಾಲಿನ ಎಲುಬು ಬಿರುಕು ಬಿಟ್ಟಿತ್ತು. ಜೇವರ್ಗಿಯ ಡಾಕ್ಟರು, ಇನ್ನು ಮುಂದೆ ಕುಕ್ಕರಗಾಲಲ್ಲಿ ಕೂರುವುದು ಬೇಡ, ಬಯಲು ಬೇಡ, ನೀರು ಮಾತ್ರ ಧಾರಾಳ ಕುಡಿಯಬೇಕು ಎಂದರು. ನಾನು ಕುಳ್ಳು ಹೊರಹಾಕಿದೆ. ಆಳಂದ ಕಡೆಯ ಗೌಂಡಿ ಮೆಹಬೂಬಸಾಬರನ್ನು ಕರೆಸಿ, ನೆಲಕ್ಕೆ ಟೈಲ್ಸ್, ಮೇಲೊಂದು ನೀರಿನ ಟಾಕಿ, ಕುರ್ಚಿಯ ಹಾಗೆ ಕೂರುವ ಕಮೋಡು ಎಲ್ಲ ಮಾಡಿಸಿದೆ.

ಮೆಹಬೂಬಸಾಬರು ಕಮೋಡಿನ ಹಿಂದಿನ ಬಾಗಿದ ಕೊಳವೆಯನ್ನು ತಟ್ಟಿ ತೋರಿಸಿ, "ಇದರ ಡೊಂಕಿನಾಗ ಯಾವಾಗ್ಲೂ ಒಂದೀಟು ನೀರು ನಿಂತಿರ್ತದ್ರಿ ಮಾಸ್ತರ. ಅದು ನಿಂತದ ಅಂತ ಗಟಾರದ ವಾಸನಿ ಮ್ಯಾಲ ಬರಂಗಿಲ್ಲ" ಎಂದರು. ನಾನು ಪುಸ್ತಕದಲ್ಲಿ ಓದಿದ್ದೆ: ಆ ಡೊಂಕನ್ನು ಕಂಡುಹಿಡಿದವನು ಬ್ರಿಟನ್ನಿನ ಒಬ್ಬ ಗಡಿಯಾರ ಮಾಡುವವನು. ಅದಕ್ಕೂ ಶತಮಾನಗಳ ಹಿಂದೆ ಯುರೋಪಿನ ದೊರೆಗಳು ಕೋಟೆಯ ಗೋಡೆಗೆ ಗೂಡು ಕಟ್ಟಿಸಿಕೊಂಡು, ಕೆಳಗಿನ ಕಂದಕಕ್ಕೆ ಬಿಡುತ್ತಿದ್ದರು. ಆ ಘಾಟಿಗೆ ನುಸಿ ಬರುವುದಿಲ್ಲವೆಂದು ತಮ್ಮ ಬೆಲೆಬಾಳುವ ಬಟ್ಟೆಗಳನ್ನೂ ಅಲ್ಲಿಯೇ ತೂಗುಹಾಕುತ್ತಿದ್ದರಂತೆ. ಇದನ್ನು ಓದಿದ ಮೇಲೆ ನಮ್ಮ ತೊಗರಿ ಚೀಲದ ಬಗ್ಗೆ ನನಗಿದ್ದ ನಾಚಿಕೆ ಅರ್ಧ ಇಳಿಯಿತು.

ಕೆಲಸ ಮುಗಿಯಿತು. ಟಾಕಿ ತುಂಬಿತು. ಅವ್ವ ಕೋಲೂರಿಕೊಂಡು ಬಂದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಹೊಸದು ಏನೇ ಬರಲಿ, ಟ್ರ್ಯಾಕ್ಟರ್ ಆಗಲಿ ಬೋರಿನ ಮೋಟರ್ ಆಗಲಿ ಫ್ರಿಜ್ಜೇ ಆಗಲಿ, ಮೂರೆಳೆ ವಿಭೂತಿ ಬೀಳಲೇಬೇಕು. ಅವ್ವ ಸಂಡಾಸದ ಚೌಕಟ್ಟಿಗೆ ವಿಭೂತಿ ಎಳೆದಳು, ಕಮೋಡಿನ ಟಾಕಿಗೂ ಎಳೆದಳು, ಮೇಲೊಂದು ಸೇವಂತಿಗೆ ಇಟ್ಟಳು. ನನ್ನ ಹೆಂಡತಿ ಊದಿನಕಡ್ಡಿ ಹಚ್ಚಿದಳು. ನಾನು ಕಾಯಿ ಒಡೆದೆ. ಎಲ್ಲರೂ ಕೈಮುಗಿದು ಮಂಡಕ್ಕಿ ಬೆಲ್ಲ ತಿಂದೆವು. ಇದರಲ್ಲಿ ಏನಾದರೂ ಎಡವಟ್ಟಾಗುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಮಂಚ ಬಿಟ್ಟು ಏಳಲಿಲ್ಲ.

"ವಿಭೂತಿ ಹಚ್ಚೀವಿ, ಕಾಯಿ ಒಡದೀವಿ, ಕೈ ಮುಗದೀವಿ. ಅಂಥಾದ್ರ ಮ್ಯಾಲ ಹೆಂಗ ಕೂಡ್ಲಿ ತಮ್ಮಾ?"

ನನಗೆ ರೋಮ್ ನೆನಪಾಯಿತು. ಇತಿಹಾಸದ ಮಾಸ್ತರನಿಗೆ ಇಕ್ಕಟ್ಟಿನಲ್ಲಿ ನೆನಪಾಗುವುದು ಇಂಥದ್ದೇ. "ಯವ್ವಾ, ರೋಮಿನ ಮಂದಿ ಊರಿನ ದೊಡ್ಡ ಗಟಾರಕ್ಕ ಒಬ್ಬಾಕಿ ದೇವೀನ್ನ ಇಟ್ಟು ಪೂಜಾ ಮಾಡ್ತಿದ್ರು" ಎಂದೆ.

"ಮಾಡ್ಲಿ. ಆಕಿ ತೆಲಿ ಮ್ಯಾಲ ಕೂಡ್ತಿದ್ರೇನು?"

ಹೆಂಡತಿ ಒದ್ದೆ ಅರಿವೆ ತಂದು ವಿಭೂತಿ ಒರೆಸಿದಳು, ಸೇವಂತಿಗೆ ತೆಗೆದಳು. ಅವ್ವ ಆಗಲೂ ಹೋಗಲಿಲ್ಲ. ದಿನಕ್ಕೆ ಒಂದೇ ಸಲ, ಸಂಜೆ ಕತ್ತಲಾದ ಮೇಲೆ, ಸೊಸೆ ಹಿಡಿದ ಬೆಡ್‌ಪ್ಯಾನಿಗೆ ಮುಖ ತಿರುಗಿಸಿಕೊಂಡು ಒಪ್ಪುತ್ತಿದ್ದಳು. ಸೊಸೆಗೆ ಕೆಲಸ ಹಚ್ಚಿದೆನಲ್ಲ ಎಂದು ಆಮೇಲೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಕಾಗೆ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ಅಂಥದರಲ್ಲೂ ಅವ್ವನ ಕಿಟಕಿಯ ಹೊರಗಿನ ಮಲ್ಲಿಗೆ ಬಳ್ಳಿ ಹಚ್ಚಗೆ ಚಿಗುರುತ್ತಿತ್ತು. ನಾನು ಹಾಕಿದ ಗೊಬ್ಬರದ ಗುಣವೆಂದು ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ. ಒಂದು ದಿನ ಅವ್ವನಿಗೆ ಜ್ವರ ಬಂತು, ಉರಿಮೂತ್ರವಾಯಿತು, ತುಟಿ ಒಡೆದವು. ಡಾಕ್ಟರು ಕೇಳಿದಾಗಲೇ ಗೊತ್ತಾದದ್ದು: ನಾವು ಕೊಟ್ಟ ನೀರನ್ನೆಲ್ಲ ಆಕೆ ಕಿಟಕಿಯಿಂದ ಬಳ್ಳಿಗೆ ಹಾಕುತ್ತಿದ್ದಳು. ಕುಡಿದರೆ ತಾನೇ ಹೋಗಬೇಕಾಗುವುದು?

"ಹಿಂಗೇ ನೀರು ಕುಡಿಯೋದು ಬಿಟ್ರ ಕಿಡ್ನಿ ಕೈ ಕೊಡ್ತಾವ್ರಿ ಮಾಸ್ತರ" ಎಂದರು ಡಾಕ್ಟರು. ನನಗೆ ನಿಜವಾಗಿಯೂ ಭಯವಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ವಿಜಾಪುರದ ಸುಲ್ತಾನರು ನೆನಪಾದರು. ಊರ ಹೊರಗಿನ ಕೆರೆಗಳಿಂದ ಮಣ್ಣಿನ ಕೊಳವೆ ಹಾಕಿ, ನೀರಿನ ರಭಸ ತಗ್ಗಿಸಲು ನಡುನಡುವೆ ಗೋಪುರ ಕಟ್ಟಿ, ಇಡೀ ಪಟ್ಟಣಕ್ಕೆ ನೀರು ತಂದವರು ಅವರು. ನನ್ನಿಂದ ಒಂದು ಗ್ಲಾಸ್ ನೀರನ್ನು ನನ್ನ ತಾಯಿಯ ಗಂಟಲಿಗೆ ಮುಟ್ಟಿಸಲು ಆಗಿರಲಿಲ್ಲ.

ಆ ಮಧ್ಯಾಹ್ನ ಅವ್ವನ ಮಂಚದ ಮೇಲೆ ಕೂತು, ಬೈಯುವ ಧೈರ್ಯವೂ ಇಲ್ಲದೆ, ಸುಮ್ಮನೆ ರೋಮಿನ ಮಾತನ್ನೇ ಮುಂದುವರಿಸಿದೆ. ಅಲ್ಲಿ ಊರಿಗೆಲ್ಲ ಸೇರಿ ಸಂಡಾಸ ಇರುತ್ತಿದ್ದವು, ಉದ್ದನೆಯ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಸಾಲಾಗಿ ತೂತು, ಕೆಳಗೆ ಹರಿಯುವ ನೀರು, ಹತ್ತಿಪ್ಪತ್ತು ಜನ ಪಕ್ಕಪಕ್ಕದಲ್ಲೇ ಕೂರುತ್ತಿದ್ದರು ಎಂದೆ.

"ನಡುವ ಗ್ವಾಡಿ ಇರಲಿಲ್ಲೇನು?"

"ಇರಲಿಲ್ಲಬೇ."

"ಮತ್ತ ಮಾತಾಡ್ತಿದ್ರೇನು?"

"ಮಾತಾಡದ ಏನ್ ಮಾಡ್ತಾರ?"

ಅವ್ವ ಎಷ್ಟೋ ದಿನದ ಮೇಲೆ ನನ್ನ ಕಡೆ ತಿರುಗಿ ಮಲಗಿದಳು. "ಶಾಣ್ಯಾರಿದ್ರು ಬಿಡು. ನಾನೂ ಬಾಜೂ ಮನಿ ಗೌರಿನೂ ಐವತ್ತ ವರ್ಷ ಬಯಲಿಗೆ ಕೂಡೇ ಹೋಗೀವಿ. ಹಗಲೆಲ್ಲ ತಡಕೊಂಡು ಇರೋದು, ಹಾವು ಹುಳಕ್ಕ ಅಂಜೋದು, ಅದೇನೂ ಛಲೋ ಇರಲಿಲ್ಲ. ಖರೇ ನಮ್ಮ ಅತ್ತಿ ಬೈದಾಗ ನಾ ಅತ್ತಿದ್ದು ಅಲ್ಲೇ, ನಕ್ಕಿದ್ದು ಅಲ್ಲೇ. ಮನ್ಯಾಗ ಬಾಯಿ ಬಿಡಾಕ ಎಲ್ಲಿತ್ತು ಜಾಗ? ಈಗ ಆ ಖೋಲ್ಯಾಗ ಒಬ್ಬಾಕಿನ್ನ ಕೂಡಿಸಿ ಅಗಳಿ ಹಾಕ್ತೀರಿ. ಜೈಲಿನಾಗ ಕೂಡಿಸಿದಂಗ ಆಗ್ತದ."

ವಿಭೂತಿ ಬರೀ ನೆವ. ಮೊಣಕಾಲಿಗೆಂದು ಕಮೋಡು ತಂದೆ, ವಾಸನೆಗೆಂದು ಡೊಂಕು ಕೊಳವೆ ಹಾಕಿಸಿದೆ, ಮಾನಕ್ಕೆಂದು ಬಾಗಿಲು ಹಚ್ಚಿಸಿದೆ. ಮಾತಿಗೆ ಜಾಗ ಬಿಡಬೇಕೆಂದು ನನಗೆ ತೋಚಿರಲೇ ಇಲ್ಲ. ತೋಚುವುದಾದರೂ ಹೇಗೆ? ನಾವು ಗಂಡಸರು ಬಯಲಿಗೆ ಹೋಗುವುದು ಒಬ್ಬೊಬ್ಬರೇ, ದಾರಿಯಲ್ಲಿ ಯಾರಾದರೂ ಎದುರಾದರೆ ಆಕಾಶ ನೋಡುತ್ತ.

ಮರುದಿನ ಬೆಳಿಗ್ಗೆ, ಇನ್ನೂ ಬಯಲಿಗೇ ಹೋಗುತ್ತಿದ್ದ ಪಕ್ಕದ ಮನೆಯ ಗೌರಕ್ಕನನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಹೆಂಡತಿ ಸಂಡಾಸದ ಮುಂದೆ ಒಂದು ಕುರ್ಚಿ ಹಾಕಿದಳು. ಅವ್ವ ಒಳಗೆ ಹೋದಳು. ಅಗಳಿ ಹಾಕಲಿಲ್ಲ, ಬಾಗಿಲು ಮುಂದೆ ಮಾಡಿಕೊಂಡಳು ಅಷ್ಟೇ. ನನ್ನನ್ನು ಹಿತ್ತಲಿನಿಂದ ಓಡಿಸಿದರು. ನಾನು ಅಡುಗೆಮನೆಯಲ್ಲಿ ನಿಂತು, ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ ಕಿವಿಗೊಟ್ಟೆ.

"ಏನ್ಬೇ, ಇದ್ದೀಯಿಲ್ಲೋ?" ಎಂದಳು ಗೌರಕ್ಕ.

"ಇದ್ದೇನಿ. ಚೌಡಾಪುರದ ಮದವಿಗೆ ಹೋಗಿದ್ಯಲ್ಲ, ಅದರದು ಹೇಳು."

ಗೌರಕ್ಕ ಹೇಳಿದಳು. ಬೀಗರು ಮುನಿಸಿಕೊಂಡದ್ದು, ಹೋಳಿಗೆ ಸಾಲದೆ ಹೋದದ್ದು, ಮದುಮಗಳ ಸೋದರತ್ತೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೋದದ್ದು. ಒಳಗಿನಿಂದ ಅವ್ವನ ನಗು ಕೇಳಿಸಿತು. ಆಮೇಲೆ ಭರ್‍ರೆಂದು ನೀರು ಬಿದ್ದ ಸದ್ದು.

"ಅದೇನ್ಬೇ ಸಪ್ಪಳ?"

"ಭೀಮಾ ಹೊಳಿ ಬಂತು, ಸರದು ಕುಂದ್ರು."

ನಾನು ಅಡುಗೆಮನೆಯ ಕಟ್ಟೆಗೆ ಒರಗಿ ಉಸಿರು ಬಿಟ್ಟೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒಗ್ಗರಣೆಯ ಹೊಗೆ ಅಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಅವ್ವ ಹೊರಗೆ ಬಂದು ಕೈ ತೊಳೆದುಕೊಂಡು ಕುರ್ಚಿಯಲ್ಲಿ ಕೂತು ನೀರು ಕೇಳಿದಳು. ಸೊಸೆ ತಂದ ತಂಬಿಗೆಯನ್ನು ಎತ್ತಿ ಗಟಗಟ ಖಾಲಿ ಮಾಡಿದಳು. ಇನ್ನೊಂದು ತರಿಸಿದಳು. ಅದನ್ನು ತಾನು ಕುಡಿಯಲಿಲ್ಲ, ಗೌರಕ್ಕನ ಕೈಗೆ ಕೊಟ್ಟಳು.

"ಬ್ಯಾಡಬೇ" ಎಂದಳು ಗೌರಕ್ಕ. "ಈಗ ಕುಡದ್ರ ಸಂಜೀತನ ಹೆಂಗ ತಡಕೊಳ್ಲಿ?"

"ಕುಡೀಬೇ ಹೊಟ್ಟಿತುಂಬ. ನಾ ಇಲ್ಲೇ ಹೊರಗ ಕುಂತಿರ್ತೇನಿ."