ಮಾವನವರು ಹೇಳಿದ ಚಾಡಿ

ನಾನು ದೇವರನ್ನು ನಂಬುವವಳು, ದೆವ್ವವನ್ನಲ್ಲ. ಊರಿನಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಕೈಯನ್ನೂ ಮುಗಿದಿದ್ದೇನೆ. ಆದರೆ ಅವರು ನಾವಿರುವ ಈ ಡೊಂಬಿವಿಲಿಯವರೆಗೆ ಬರುತ್ತಾರೆ ಎಂದರೆ ನಗುತ್ತಿದ್ದೆ. ಬದುಕಿರುವವರಿಗೇ ಲೋಕಲ್ ಟ್ರೇನಿನಲ್ಲಿ ಕಾಲಿಡಲು ಜಾಗವಿಲ್ಲ, ಸತ್ತವರು ಹೇಗೆ ಬಂದಾರು? ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆ ನಗು ನಿಂತುಹೋಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಆ ವರ್ಷ ಚಪ್ಪಲಿ ಕಚ್ಚಿ ಕಾಲಿನ ಹೆಬ್ಬೆರಳಿಗೆ ಆದ ಗಾಯ ಒಣಗಲೇ ಇಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳನ್ನು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟರು. “ದೇವರು ಕೊಟ್ಟದ್ದು ಹತ್ತು. ಒಂಬತ್ತು ಹಿಡ್ಕೊಂಡು ಅವನ ಹತ್ರ ಹೇಗೆ ಹೋಗುದು?” ಎಂದು ಅತ್ತೆ ಅತ್ತರು.

ಗಾಯ ಕಟ್ಟಲು ಆರೋಗ್ಯ ಕೇಂದ್ರದಿಂದ ರೇಣುಕಾ ಎಂಬ ನರ್ಸ್ ಮನೆಗೇ ಬರುತ್ತಿದ್ದಳು. ಅವಳ ಅಪ್ಪ ಕಲಬುರಗಿಯ ಕಡೆಯಿಂದ ಅಂಬರನಾಥದ ಕಾರ್ಖಾನೆಗೆ ಹಮಾಲಿಗೆಂದು ಬಂದವರು. ಹಾಗಾಗಿ ಹುಡುಗಿಗೆ ಕನ್ನಡ ಬರುತ್ತಿತ್ತು. ಅದೂ ದೇವರ ಕೃಪೆಯೇ. ನಮ್ಮತ್ತೆಗೆ ಇಷ್ಟು ವರ್ಷವಾದರೂ ಮರಾಠಿಯಲ್ಲಿ ತರಕಾರಿಗಳ ಹೆಸರು ಬಿಟ್ಟರೆ ಬೇರೇನೂ ಬಾರದು.

ರೇಣುಕಾ ಬರೀ ಕಾಲು ನೋಡಿ ಹೋಗುವವಳಲ್ಲ. ಅಡುಗೆ ಯಾರು ಮಾಡುತ್ತಾರೆ, ಮಾತ್ರೆ ಯಾರು ತರುತ್ತಾರೆ, ಅತ್ತೆ ಸಿಟ್ಟು ಬಂದರೆ ಊಟ ಬಿಡುತ್ತಾರೋ ಇಲ್ಲ ಎರಡು ಸಲ ಮಾಡುತ್ತಾರೋ, ಎಲ್ಲ ಬೇಕು ಅವಳಿಗೆ. ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. “ಯಾಕೆ ಮಾರಾಯ್ತಿ ಇದೆಲ್ಲ?” ಎಂದರೆ, “ಮನಿ ತಿಳೀಲಾರದ ಕಾಲು ತಿಳಿಯಂಗಿಲ್ರಿ ಅಕ್ಕಾರ,” ಎನ್ನುತ್ತಿದ್ದಳು. ಅಜ್ಜಿ ಸಿಹಿ ತಿನ್ನುತ್ತಾರೆಯೇ ಎಂದು ನನ್ನನ್ನು, ನಮ್ಮೆಜಮಾನರನ್ನು, ಅತ್ತೆಯನ್ನು ಬೇರೆ ಬೇರೆಯಾಗಿ ಕೇಳಿದಳು. ಮೂವರೂ ಇಲ್ಲವೆಂದೆವು. ದೇವರಾಣೆಗೂ ಅದು ಸುಳ್ಳಾಗಿರಲಿಲ್ಲ. ಆದರೂ ಸಕ್ಕರೆ ಇಳಿಯಲಿಲ್ಲ.

ಆ ಮಧ್ಯಾಹ್ನ ನಳದಲ್ಲಿ ನೀರು ನಿಂತಿತ್ತು. ಯಜಮಾನರು ಮಹಾಪೆಯ ಆಫೀಸಿನಲ್ಲಿದ್ದರು, ಅತ್ತೆ ಒಳಗೆ ಮಲಗಿದ್ದರು. ಸಿಸ್ಟರ್ ಬರುವ ಹೊತ್ತೆಂದು ಬಾಗಿಲಿನ ಚಿಲಕ ಹಾಕದೆ, ಪಂಪು ಶುರು ಮಾಡಲು ಹೇಳೋಣವೆಂದು ವಾಚ್‌ಮನ್ ಹತ್ತಿರ ಇಳಿದುಹೋದೆ. ತಿರುಗಿ ಬಂದಾಗ ರೇಣುಕಾ ಸೋಫಾದ ಮೇಲೆ ಕೂತು, ಎದುರಿನ ಖಾಲಿ ಕುರ್ಚಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

“ನಿಮ್ಮ ಮಾವನೋರು ಭಾಳ ಮಜಾ ಮಂದಿ ಅದಾರ ನೋಡ್ರಿ,” ಎಂದಳು. “ಪುಸ್ತಕ ಓದಿದಂಗ ಕನ್ನಡ ಮಾತಾಡ್ತಾರ. ಈಗ ಒಳಗ ಹೋದ್ರು.”

ಮೇಲಿನ ಮಹಡಿಯ ಕಾಕಾ ಬಂದಿರಬೇಕೆಂದುಕೊಂಡೆ. ಆದರೆ ಅವರಿಗೆ ಕನ್ನಡ ಎಲ್ಲಿ ಬರುತ್ತದೆ? “ಯಾವ ಮಾವ ಸಿಸ್ಟರ್?” ಎಂದೆ.

“ಎಷ್ಟು ಮಾವ ಅದಾರ್ರಿ ನಿಮಗ? ಬಿಳಿ ಪಂಚಿ, ಬನಿಯನ್ ಕೊರಳಾಗ ಪೆನ್ನು.”

ನಾನು ಖಾಲಿ ಕುರ್ಚಿಯ ಕಡೆ ನೋಡಿದೆ. ನಮ್ಮ ಮಾವ ಕಲ್ಯಾಣದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಯಾವ ಮೇಜಿಗೆ ಏನು ಹೋಯಿತು ಎಂದು ನೋಡುತ್ತಲೇ ಆಯಸ್ಸು ಕಳೆದವರು. ಮನೆಯಲ್ಲೂ ಬನಿಯನ್ನಿಗೆ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಅವರು ತೀರಿಕೊಂಡು ವರ್ಷಗಳೇ ಆಗಿದ್ದವು. ಫೋಟೋ ಗೋಡೆಯ ಮೇಲಿಲ್ಲ. ಹಾಕಿದರೆ ಹೋದದ್ದು ಖಚಿತವಾದ ಹಾಗೆ ಎಂದು ಅತ್ತೆ ಅದನ್ನು ಸೀರೆಗಳ ನಡುವೆ ಇಟ್ಟಿದ್ದರು.

ರೇಣುಕಾ ದನಿ ತಗ್ಗಿಸಿದಳು. “ದೇವರ ಕಪಾಟಿನ ಕೆಳಗ, ಬತ್ತಿ ಇಡೋ ಡಬ್ಬಿ ಹಿಂದ ನೋಡ್ರಿ ಅಂದ್ರು. ಮಧ್ಯಾಹ್ನ ನೀವು ಮಲಗಿದಾಗ ಅಜ್ಜಿ ಅಲ್ಲಿಗೇ ಹೋಗ್ತಾರಂತ.”

ನೋಡಿದೆ. ಸ್ಟೀಲ್ ಡಬ್ಬಿಯ ತುಂಬ ಪಂಚಕಜ್ಜಾಯ! ಬೆಳಗ್ಗೆ ನೈವೇದ್ಯವಾದ ಮೇಲೆ ನಮಗೆ ಒಂದೊಂದು ಚಮಚ ಕೊಟ್ಟು ಉಳಿದದ್ದನ್ನು ಅತ್ತೆ ಎತ್ತಿಡುತ್ತಿದ್ದರು. ಅದು ಎಲ್ಲಿ ಹೋಗುತ್ತದೆ ಎಂದು ನಾವ್ಯಾರೂ ಕೇಳಿರಲಿಲ್ಲ. ಪ್ರಸಾದವನ್ನು ತಿಂಡಿಯೆಂದು ಲೆಕ್ಕ ಹಿಡಿಯುವವರು ನಮ್ಮಲ್ಲಿ ಯಾರಿದ್ದಾರೆ ಹೇಳಿ?

ಡಬ್ಬಿಯ ಸದ್ದಿಗೆ ಅತ್ತೆ ಕುಂಟುತ್ತಾ ಬಂದರು. “ಅದು ಪ್ರಸಾದ. ಪ್ರಸಾದದಲ್ಲಿ ಎಂತ ಸಕ್ಕರೆ?”

“ಅದು ಪ್ರಸಾದ ಅಂತ ನಿಮಗ ಗೊತ್ತದ ಅಜ್ಜಿ. ನಿಮ್ಮ ಬೆರಳಿಗೆ ಗೊತ್ತಿಲ್ಲ.”

“ನಿಂಗೆ ಯಾರು ಹೇಳಿದ್ದು?”

ರೇಣುಕಾ ಹೇಳಿದಳು. ನಾನು ಸೀರೆಗಳ ನಡುವಿನಿಂದ ಫೋಟೋ ತಂದು ತೋರಿಸಿದೆ. “ಹ್ಞೂಂ, ಇವರೇ. ಫೋಟೋದಾಗ ಸ್ವಲ್ಪ ದಪ್ಪ ಕಾಣ್ತಾರ,” ಎಂದಳು. ಇವರು ಹೋಗಿ ಬಹಳ ಕಾಲವಾಯಿತು ಎಂದಾಗ ಮಾತ್ರ ಹುಡುಗಿಯ ಮುಖ ಬಿಳುಚಿತು. ಕುಡಿಯಲು ನೀರು ಕೇಳಿದಳು. ಪುಣ್ಯಕ್ಕೆ ಅಷ್ಟರಲ್ಲಿ ನಳದಲ್ಲಿ ನೀರು ಬಂದಿತ್ತು. ಆದರೂ ಗಾಯ ಕಟ್ಟಿಯೇ ಎದ್ದಳು. ಕುರ್ಚಿಗೆ ಮಾತ್ರ ಬೆನ್ನು ಹಾಕಲಿಲ್ಲ.

ಅತ್ತೆ ಹೆದರಿದರು ಎಂದುಕೊಂಡಿರಾ? ಅವರಿಗೆ ಬಂದದ್ದು ಸಿಟ್ಟು. “ನನ್ನ ಕನಸಿಗೆ ಒಂದು ದಿನ ಬರ್ಲಿಲ್ಲ. ಬೇರೆಯವಳ ಎದುರು ಕೂತು ನನ್ನ ಮೇಲೆ ಚಾಡಿ ಹೇಳ್ಲಿಕ್ಕೆ ಪುರ್ಸೊತ್ತು ಉಂಟು!” ಎಂದು ಕುರ್ಚಿಯನ್ನು ಬೈದರು. ಮರುದಿನದಿಂದ ದೇವರಿಗೆ ಬರೀ ಹಾಲು, ತುಳಸಿ. “ಇನ್ನು ಎಂತ ಹೇಳ್ತಾರೆ ನೋಡ್ವ,” ಎಂಬ ಹಠ. ಡಾಕ್ಟರಿಗೂ ಬಗ್ಗದ ಸಕ್ಕರೆ ಆ ಹಠಕ್ಕೆ ಇಳಿಯಿತು.

ನರ್ಸ್ ಊಹಿಸಿ ಕಥೆ ಕಟ್ಟಿದ್ದಾಳೆ ಎಂದು ನಮ್ಮೆಜಮಾನರ ವಾದ. ಇರಬಹುದು. ಡಬ್ಬಿಯನ್ನು ಊಹಿಸಬಹುದು, ಆ ಪೆನ್ನನ್ನು ಹೇಗೆ ಊಹಿಸುತ್ತಾರೆ? ರೇಣುಕಾಳನ್ನೇ ಕೇಳಿದೆ. “ಸುಳ್ಳು ಹೇಳಿ ನನಗೇನ್ ಸಿಗ್ತದ್ರಿ?” ಎಂದು ಮುನಿಸಿಕೊಂಡಳು. ಜಪಕ್ಕೆ ಕೂತಾಗಲೂ ಯೋಚಿಸಿದ್ದೇನೆ, ಇಂದಿಗೂ ಬಗೆಹರಿದಿಲ್ಲ.

ಗಾಯ ಪೂರ್ತಿ ಒಣಗಿದ ದಿನ ರೇಣುಕಾ, “ಇನ್ನ ನಾ ಬರೋದು ಬ್ಯಾಡ್ರಿ ಅಜ್ಜಿ, ಬೆರಳು ಉಳೀತು,” ಎಂದು ಚೀಲ ಎತ್ತಿಕೊಂಡಳು. ಸಂತೋಷಪಡಬೇಕಾದ ಅತ್ತೆ ಮುಖ ಸಪ್ಪಗೆ ಮಾಡಿದರು. ಈಚೆಗೆ ಅವಳು ಬರುವ ದಿನಗಳಲ್ಲಿ ಅವರು ತಲೆ ಬಾಚಿ, ಒಗೆದ ಸೀರೆ ಉಟ್ಟು ಹೊರಗಿನ ಕೋಣೆಯಲ್ಲಿ ಕೂರುತ್ತಿದ್ದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಮೆಲ್ಲಗೆ ಇನ್ನೊಂದು ಕಾಲನ್ನು ಮುಂದೆ ಚಾಚಿದರು.

“ಇದರಲ್ಲಿಯೂ ಎಂತದೋ ನೋವು ಉಂಟು ಮಗಾ. ಬರುವ ವಾರ ಒಮ್ಮೆ ಬಂದು ನೋಡ್ತಿಯಾ?”